ಅಂಕ ಮುಚ್ಚಿಡುವ ಮುನ್ನ

ಪಿಯುಸಿ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹರೂಪ



ಅಮೆರಿಕಕ್ಕೆ ಓದಲು ಹೋಗಬೇಕೆ, ಇಲ್ಲೇ ಇದ್ದು ನಾಡಿಗೆ ದುಡಿಯಬೇಕೆ ಎಂಬ ಜಗಳವನ್ನು ನಾನಿಂದು ಎತ್ತುವುದಿಲ್ಲ. ಆ ಜಗಳಕ್ಕೆ ಬೇರೆ ದಿನ, ಬೇರೆ ವೇದಿಕೆ ಇದೆ. ಹೋಗುವುದೆಂದು ಮನಸ್ಸು ಮಾಡಿ, ಮನೆಯವರಿಂದ ದುಡ್ಡು ಹೊಂದಿಸಿಕೊಂಡು, ಎಸ್‌ಎಟಿ ಪರೀಕ್ಷೆ ಬರೆದು, ಅಂಕ ಕೈಗೆ ಬಂದ ಮೇಲೆ "ಇದನ್ನು ಕಳಿಸಲೋ, ಮುಚ್ಚಿಡಲೋ" ಎಂದು ನಿದ್ದೆಗೆಟ್ಟು ಕೂತಿದ್ದೀರಲ್ಲ, ನಿಮ್ಮ ಜೊತೆ ನನ್ನ ಮಾತು.

ಇದನ್ನು ಕನ್ನಡದಲ್ಲಿ ಯಾಕೆ ಹೇಳಬೇಕು ಎಂದು ಕೆಲವರು ಹುಬ್ಬೇರಿಸಬಹುದು. ಈ ವಿಷಯದಲ್ಲಿ ಗುಟ್ಟೇನೂ ಇಲ್ಲ ಸ್ವಾಮಿ. ಕಾಲೇಜುಗಳೇ ತಮ್ಮ ನಿಯಮಗಳನ್ನು ಬಿಟ್ಟಿಯಾಗಿ ಪ್ರಕಟಿಸಿವೆ. ಆದರೆ ನಗರದ ದುಬಾರಿ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಅದನ್ನು ಓದಿ ಹೇಳುವುದಕ್ಕೆಂದೇ ಸಂಬಳ ಕೊಟ್ಟು ಒಬ್ಬರನ್ನು ಕೂರಿಸಿರುತ್ತಾರೆ. ನಿಮ್ಮ ಪಿಯು ಕಾಲೇಜಿನಲ್ಲಿ ಯಾರಿದ್ದಾರೆ? ಪ್ರಿನ್ಸಿಪಾಲರಿಗೆ ಸಿಇಟಿ ಗೊತ್ತು, ನೀಟ್ ಗೊತ್ತು, ಅಷ್ಟೇ. ಅದು ಅವರ ತಪ್ಪೂ ಅಲ್ಲ. ಆ ಖಾಲಿ ಜಾಗಕ್ಕೆ ನುಗ್ಗಿದವರು ಕನ್ಸಲ್ಟೆನ್ಸಿ ಅಂಗಡಿಯವರು. ದುಡ್ಡು ಎಣಿಸಿಕೊಂಡು ಅವರಲ್ಲಿ ಬಹಳ ಮಂದಿ ಹೇಳುವುದು ಒಂದೇ ಮಂತ್ರ: "1500 ದಾಟಿದರೆ ಕಳಿಸು, ದಾಟದಿದ್ದರೆ ಮುಚ್ಚಿಡು." ಈ ಮಂತ್ರ ಅರ್ಧ ಸುಳ್ಳು. ಯಾರ ಪಾಲಿಗೆ ಸುಳ್ಳು ಎಂದರೆ, ಸರಿಯಾಗಿ ನಿಮ್ಮಂಥವರ ಪಾಲಿಗೇ.

ಮೊದಲು ಸಿಇಟಿಯನ್ನು ತಲೆಯಿಂದ ತೆಗೆದುಹಾಕಿ. ನಮ್ಮಲ್ಲಿ ಇಂಜಿನಿಯರಿಂಗ್ ಸೀಟಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ಒಂದು ರ‍್ಯಾಂಕ್ ಕೊಡುತ್ತಾರೆ. ಆ ಸಂಖ್ಯೆಯೇ ನಿಮ್ಮ ಹಣೆಬರಹ. ಕಟ್ ಆಫ್ ಒಳಗಿದ್ದರೆ ಸೀಟು, ಒಂದು ಸ್ಥಾನ ಆಚೆ ಹೋದರೆ ಇಲ್ಲ. ನೀವು ಯಾವ ಊರಿನವರು, ಯಾವ ಶಾಲೆಯಲ್ಲಿ ಓದಿದಿರಿ, ಮನೆಯಲ್ಲಿ ಕರೆಂಟು ಇತ್ತೆ ಇಲ್ಲವೆ ಎಂದು ಆ ಕಂಪ್ಯೂಟರು ಕೇಳುವುದಿಲ್ಲ. ಮೀಸಲಾತಿ, ಗ್ರಾಮೀಣ, ಕನ್ನಡ ಮಾಧ್ಯಮದ ಕೋಟಾ ಬಿಟ್ಟರೆ ಉಳಿದದ್ದೆಲ್ಲ ಬರೀ ಲೆಕ್ಕ.

ಅಮೆರಿಕದ ಆಯ್ದು ತೆಗೆದುಕೊಳ್ಳುವ ಕಾಲೇಜುಗಳಲ್ಲಿ, ಅಂದರೆ ಬಂದ ನೂರು ಅರ್ಜಿಯಲ್ಲಿ ಹತ್ತನ್ನೂ ಒಪ್ಪದ ಹಾರ್ವರ್ಡ್, ಯೇಲ್, ಎಂಐಟಿಯಂಥ ಕಡೆ, ಪದ್ಧತಿಯೇ ಬೇರೆ. ಅಲ್ಲಿ ಕಟ್ ಆಫ್ ಇಲ್ಲ. ಒಬ್ಬ ಮನುಷ್ಯ ಕೂತು ನಿಮ್ಮ ಕಡತ ಓದುತ್ತಾನೆ. ಶಾಲೆಯ ಅಂಕಪಟ್ಟಿ, ಮೇಷ್ಟ್ರ ಪತ್ರ, ನೀವು ಬರೆದ ಪ್ರಬಂಧ, ಪಾಠದಾಚೆ ಮಾಡಿದ ಕೆಲಸ, ಇವುಗಳ ನಡುವೆ ಪರೀಕ್ಷೆಯ ಅಂಕವೂ ಒಂದು ಹಾಳೆ. ಆ ಹಾಳೆಯನ್ನು ಆತ ಒಂಟಿಯಾಗಿ ಓದುವುದಿಲ್ಲ. ಈ ಅಂಕ ಎಲ್ಲಿಂದ ಬಂತು ಎಂದೂ ನೋಡುತ್ತಾನೆ. ಇದೇ ಇವತ್ತಿನ ಮಾತಿನ ಬೇರು.

ಪರೀಕ್ಷೆಯ ಬಗ್ಗೆ ನಾಲ್ಕು ಮಾತು, ಗೊತ್ತಿಲ್ಲದವರಿಗಾಗಿ. ಎಸ್‌ಎಟಿ ನಡೆಸುವುದು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ. ಓದು-ಬರಹಕ್ಕೆ 200ರಿಂದ 800, ಗಣಿತಕ್ಕೆ 200ರಿಂದ 800, ಒಟ್ಟು 1600. ಭಾರತವೂ ಸೇರಿದಂತೆ ಹೊರದೇಶಗಳಲ್ಲಿ 2023ರಿಂದ, ಅಮೆರಿಕದಲ್ಲಿ 2024ರಿಂದ ಇದು ಪೂರ್ತಿ ಕಂಪ್ಯೂಟರಿನ ಮೇಲೆ ನಡೆಯುತ್ತಿದೆ. ಎರಡು ಗಂಟೆ ಹದಿನಾಲ್ಕು ನಿಮಿಷ. ಇನ್ನೊಂದು ಪರೀಕ್ಷೆ ಎಸಿಟಿ, 1959ರಲ್ಲಿ ಶುರುವಾದದ್ದು, ಅದಕ್ಕೆ 36 ಅಂಕ. ಕಾಲೇಜುಗಳಿಗೆ ಎರಡೂ ಒಂದೇ. ಯಾವುದಾದರೂ ಒಂದು ಸಾಕು. ಎರಡನ್ನೂ ಬರೆದವರಿಗೆ ಯಾವುದು ಮೇಲು ಎಂದು ನೋಡಲು ಎರಡು ಸಂಸ್ಥೆಗಳೂ ಸೇರಿ 2018ರಲ್ಲಿ ಹೋಲಿಕೆಯ ಪಟ್ಟಿ ಪ್ರಕಟಿಸಿವೆ. ಅದರಂತೆ ಎಸಿಟಿಯ 31 ಎಂದರೆ ಎಸ್‌ಎಟಿಯ 1400ರ ಮಟ್ಟ, 34 ಎಂದರೆ 1500ರ ಮಟ್ಟ. ಪಟ್ಟಿ ನೋಡಿ, ಮೇಲಿರುವುದನ್ನು ಕಳಿಸಿ. ಆ ಗೊಂದಲ ಅಲ್ಲಿಗೆ ಮುಗಿಯಿತು.

ಈಗ ಕಾಲೇಜುಗಳ ಕಡೆ ಬನ್ನಿ. 2020ರಲ್ಲಿ ಕೊರೊನಾ ಬಂದು ಪರೀಕ್ಷಾ ಕೇಂದ್ರಗಳಿಗೆ ಬೀಗ ಬಿತ್ತು. ಅಂಕ ಕಡ್ಡಾಯ ಮಾಡಿದ್ದ ಬಹಳಷ್ಟು ಕಾಲೇಜುಗಳು "ಇದ್ದರೆ ಕಳಿಸಿ, ಇಲ್ಲದಿದ್ದರೆ ಬಿಡಿ" ಎಂದವು. ಇದೇನು ಹೊಸದಲ್ಲ. ಬೋಡನ್ ಎಂಬ ಸಣ್ಣ ಕಾಲೇಜು 1969ರಲ್ಲೇ ಹೀಗೆ ಮಾಡಿತ್ತು. ಆದರೆ ಈಗ ಗಾಳಿ ತಿರುಗಿದೆ. ಎಂಐಟಿ 2022ರಲ್ಲೇ ಅಂಕ ಕಡ್ಡಾಯವೆಂದು ಮತ್ತೆ ಸಾರಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಕಾರ್ನೆಲ್, ಸ್ಟ್ಯಾನ್‌ಫರ್ಡ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. 2025ರಲ್ಲಿ ಪೆನ್ಸಿಲ್ವೇನಿಯಾ ಸೇರಿತು. ಪ್ರಿನ್ಸ್‌ಟನ್ ಕೂಡ ಮುಂದೆ ಕಡ್ಡಾಯ ಮಾಡುವುದಾಗಿ 2025ರಲ್ಲಿ ಹೇಳಿತು. ಇದಕ್ಕೆ ಉಲ್ಟಾ ಕೊಲಂಬಿಯಾ 2023ರಲ್ಲಿ ಅಂಕ ನಿಮ್ಮ ಇಷ್ಟಕ್ಕೆ ಬಿಟ್ಟದ್ದು ಎಂದು ಕಾಯಂ ಮಾಡಿತು. ಯೇಲ್‌ನದು ನಡುದಾರಿ. ಎಸ್‌ಎಟಿ, ಎಸಿಟಿ, ಎಪಿ, ಐಬಿ ಇವುಗಳಲ್ಲಿ ಯಾವುದಾದರೂ ಒಂದರ ಅಂಕ ಕೊಡಿ, ಆದರೆ ಏನಾದರೊಂದು ಕೊಡಲೇಬೇಕು ಎನ್ನುತ್ತದೆ. ಕಡ್ಡಾಯ ಎಂದ ಕಡೆ ನಿಮಗೆ ಕಳಿಸಲೋ ಬೇಡವೋ ಎಂಬ ಚಿಂತೆಯೇ ಇಲ್ಲ, ಎಷ್ಟೇ ಬಂದಿರಲಿ ಕಳಿಸಲೇಬೇಕು.

ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಎಲ್ಲ ಅದರ ಕವಲುಗಳು. ಸೀಟು ಕೊಡುವಾಗ ಅವರು ಎಸ್‌ಎಟಿ, ಎಸಿಟಿ ಅಂಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. 1600ಕ್ಕೆ 1600 ಬಂದಿದ್ದರೂ ನೋಡುವುದಿಲ್ಲ. ಅಲ್ಲಿಗೆ ದುಡ್ಡು ಕೊಟ್ಟು ಅಂಕ ಕಳಿಸಿ ಎಂದು ಯಾರಾದರೂ ಹೇಳಿದರೆ, ಅವರಿಗೆ ವಿಷಯ ಗೊತ್ತಿಲ್ಲ ಎಂದು ತಿಳಿಯಿರಿ.

ಹೀಗೆ ಕಡ್ಡಾಯದವು ಒಂದು ಕಡೆ, ನೋಡದವು ಒಂದು ಕಡೆ ಹೋದರೆ ಉಳಿಯುವುದು "ನಿಮ್ಮಿಷ್ಟ" ಎನ್ನುವ ನೂರಾರು ಕಾಲೇಜುಗಳು. ನಿದ್ದೆ ಕೆಡಿಸುವುದು ಇವೇ.

ಈ "ನಿಮ್ಮಿಷ್ಟ"ದ ಕಾಲೇಜಿಗೆ ಅರ್ಜಿ ಹಾಕುವಾಗ ಎಲ್ಲರೂ ಒಂದು ಕೆಲಸ ಮಾಡುತ್ತಾರೆ. ಆ ಕಾಲೇಜು ಪ್ರಕಟಿಸಿದ ನಡುವಿನ ಅರ್ಧದ ಅಂಕ ಹುಡುಕುತ್ತಾರೆ. ಅಂದರೆ, ಅಲ್ಲಿ ಸೇರಿದವರನ್ನು ಅಂಕದ ಸಾಲಿನಲ್ಲಿ ನಿಲ್ಲಿಸಿ, ಕೆಳಗಿನ ಕಾಲುಭಾಗ, ಮೇಲಿನ ಕಾಲುಭಾಗ ಬಿಟ್ಟು, ನಡುವೆ ಉಳಿದವರ ಅಂಕ ಎಷ್ಟರಿಂದ ಎಷ್ಟು ಎಂಬ ಲೆಕ್ಕ. ಬಹಳಷ್ಟು ಕಾಲೇಜುಗಳು ವರ್ಷಕ್ಕೊಮ್ಮೆ ಹೊರಡಿಸುವ ಕಾಮನ್ ಡೇಟಾ ಸೆಟ್ ಎಂಬ ಕಡತದಲ್ಲಿ ಇದು ಸಿಗುತ್ತದೆ. ನೋಡಬೇಕಾದ್ದೇ. ಆದರೆ ಇದರಲ್ಲಿ ಒಂದು ಕಣ್ಕಟ್ಟು ಇದೆ, ಗಮನವಿಟ್ಟು ಕೇಳಿ.

ಆ ಲೆಕ್ಕದಲ್ಲಿ ಇರುವುದು ಅಂಕ ಕಳಿಸಿದವರು ಮಾತ್ರ. ಕಳಿಸದೆ ಸೇರಿದವರು ಅದರಲ್ಲಿಲ್ಲ. 1520 ಬಂದವನು ಎದೆ ತಟ್ಟಿಕೊಂಡು ಕಳಿಸಿದ. 1380 ಬಂದವಳು ಹೆದರಿ ಮುಚ್ಚಿಟ್ಟಳು, ಆದರೂ ಸೀಟು ಸಿಕ್ಕಿತು. ಕಾಲೇಜಿನ ಪಟ್ಟಿಯಲ್ಲಿ ಅವನ 1520 ಇದೆ, ಅವಳ 1380 ಇಲ್ಲ. ಮರುವರ್ಷ ಆ ಪಟ್ಟಿ ನೋಡಿದ ಇನ್ನೊಬ್ಬಳು 1420 ಇಟ್ಟುಕೊಂಡು ಹೆದರುತ್ತಾಳೆ, ಅವಳೂ ಮುಚ್ಚಿಡುತ್ತಾಳೆ. ಪಟ್ಟಿ ಇನ್ನೂ ಮೇಲೆ ಹೋಗುತ್ತದೆ. ಯಾರೂ ಮೊದಲಿಗಿಂತ ಬುದ್ಧಿವಂತರಾಗಿಲ್ಲ, ಸಂಖ್ಯೆ ಮಾತ್ರ ಏರಿದೆ! ಬೆಂಗಳೂರಿನ ಸೈಟಿನ ಬೆಲೆಯ ಹಾಗೆ. ನಮ್ಮ ಕನ್ಸಲ್ಟೆನ್ಸಿಯವರ 1500ರ ಮಂತ್ರ ಹುಟ್ಟಿದ್ದು ಈ ಉಬ್ಬಿದ ಪಟ್ಟಿಯಿಂದಲೇ.

ಇದರಿಂದ ಪೆಟ್ಟು ತಿಂದವರು ಯಾರು? ಇದಕ್ಕೆ ಉತ್ತರ ಡಾರ್ಟ್‌ಮತ್ ಕಾಲೇಜಿನಿಂದಲೇ ಬಂತು. ಅಂಕ ಐಚ್ಛಿಕವಾಗಿದ್ದ ವರ್ಷಗಳ ಅರ್ಜಿಗಳನ್ನು ಅಲ್ಲಿನ ಪ್ರಾಧ್ಯಾಪಕರೇ ಕೂತು ಪರಿಶೀಲಿಸಿದರು. 2024ರ ಫೆಬ್ರವರಿಯಲ್ಲಿ ಕಾಲೇಜು ಅಂಕವನ್ನು ಮತ್ತೆ ಕಡ್ಡಾಯ ಮಾಡಿದಾಗ ಆ ವರದಿ ಹೊರಬಂತು. ಅನುಕೂಲವಿಲ್ಲದ ಮನೆಗಳಿಂದ, ಹೆಸರಿಲ್ಲದ ಶಾಲೆಗಳಿಂದ ಬಂದ ಮಕ್ಕಳು 1400ರ ಆಸುಪಾಸಿನ ಅಂಕವನ್ನು "ಇದು ಸಾಲದು" ಎಂದು ಮುಚ್ಚಿಟ್ಟಿದ್ದರು. ಕಳಿಸಿದ್ದರೆ ಆ ಅಂಕವೇ ಅವರ ಕೈ ಹಿಡಿಯುತ್ತಿತ್ತು. ಯಾಕೆಂದರೆ ಓದುವವನು ಆ ಅಂಕವನ್ನು ಅವರ ಶಾಲೆಯ ಪಕ್ಕ ಇಟ್ಟು ನೋಡುತ್ತಿದ್ದ. ಶಾಲೆಯಲ್ಲಿ ಉಳಿದವರಿಗೆ 1000, 1050 ಬರುವ ಕಡೆ ಒಬ್ಬಳಿಗೆ 1400 ಬಂದರೆ, ಆಕೆ ಸಾಮಾನ್ಯಳಲ್ಲ ಎಂದು ಅವನಿಗೆ ಹೊಳೆಯುತ್ತಿತ್ತು. ಅದೇ 1400, ಟ್ಯೂಷನ್ನಿಗೆ ಹಣ ಸುರಿಯುವ ಶ್ರೀಮಂತ ಶಾಲೆಯಿಂದ ಬಂದರೆ ಸಪ್ಪೆ. ಅಂಕ ಒಂದೇ, ಅದು ಹೇಳುವ ಕತೆ ಎರಡು.

ನಾಚಿಕೆ ಎಂಬುದು ಬಡವರ ಮನೆಯ ಮಕ್ಕಳಿಗೆ ಎಷ್ಟು ದುಬಾರಿ ನೋಡಿ. ಶ್ರೀಮಂತರ ಮಗನಿಗೆ "ಕಳಿಸು, ಬಿಡು" ಎಂದು ಹೇಳುವವರಿದ್ದರು. ಇವರಿಗೆ ಹೇಳುವವರಿರಲಿಲ್ಲ. ಹಾಗಾಗಿ ಪಟ್ಟಿಯ ಸಂಖ್ಯೆ ನೋಡಿ ತಾವೇ ತಮ್ಮನ್ನು ಫೇಲು ಮಾಡಿಕೊಂಡರು.

ಆ ವರದಿ ಮುಖ್ಯವಾಗಿ ಅಮೆರಿಕದ ಮಕ್ಕಳ ಬಗ್ಗೆ. ನಿಜ. ಹಾಗಿದ್ದರೆ ನಮಗೇನು ಎನ್ನಬಹುದು. ನನ್ನನ್ನು ಕೇಳಿದರೆ, ನಮ್ಮ ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಕಾರಣ ಹೇಳುತ್ತೇನೆ.

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಕಡೆಯ ದಿನ ಸಾಮಾನ್ಯವಾಗಿ ಜನವರಿ ಮೊದಲ ವಾರದ ಆಸುಪಾಸು. ಅವರು ಸೀಟು ಯಾರಿಗೆ ಎಂದು ಹೇಳುವುದು ಮಾರ್ಚ್ ಕೊನೆಗೆ. ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯುವುದೇ ಮಾರ್ಚ್‌ನಲ್ಲಿ, ಫಲಿತಾಂಶ ಏಪ್ರಿಲ್‌ನಲ್ಲಿ. ಅಂದರೆ ನೀವು ಹಗಲು ರಾತ್ರಿ ಓದಿ ತೆಗೆಯುವ ಆ ಅಂಕ ಅವರು ತೀರ್ಮಾನ ಮಾಡುವ ಹೊತ್ತಿಗೆ ಹುಟ್ಟಿಯೇ ಇರುವುದಿಲ್ಲ. ಅವರ ಮುಂದಿರುವುದು ಏನು? ನಿಮ್ಮ ಎಸ್‌ಎಸ್‌ಎಲ್‌ಸಿಯ 625ರ ಅಂಕಪಟ್ಟಿ. ಒಂಬತ್ತನೆಯ ತರಗತಿ, ಪ್ರಥಮ ಪಿಯುಸಿಯಲ್ಲಿ ಕಾಲೇಜೇ ಹಾಕಿದ ಅಂಕ. ದ್ವಿತೀಯ ಪಿಯುಸಿಯಲ್ಲಿ ಎಷ್ಟು ಬರಬಹುದು ಎಂದು ಮೇಷ್ಟ್ರು ಅಂದಾಜು ಮಾಡಿ ಬರೆದ ಪತ್ರ, ಅದನ್ನು ಬರೆಯಲು ಅವರು ಒಪ್ಪಿದ್ದರೆ. ಹಾಸನದ ಕಾಲೇಜಾಗಲಿ ಹುಬ್ಬಳ್ಳಿಯ ಕಾಲೇಜಾಗಲಿ, ಅದರ 92 ಅಂಕಕ್ಕೂ ಪಕ್ಕದ ಕಾಲೇಜಿನ 92 ಅಂಕಕ್ಕೂ ಏನು ವ್ಯತ್ಯಾಸ ಎಂದು ಕಡಲಾಚೆ ಕೂತವನಿಗೆ ಹೇಗೆ ತಿಳಿಯಬೇಕು? ಅವನಿಗೆ ಗೊತ್ತಿರುವ ಒಂದೇ ಅಳತೆಗೋಲು ಎಸ್‌ಎಟಿ. ಅದನ್ನೂ ನೀವು ಮುಚ್ಚಿಟ್ಟರೆ ಅವನ ಕೈಗೆ ಏನು ಕೊಟ್ಟ ಹಾಗಾಯಿತು?

ಹಾಗಾಗಿ ನನ್ನ ಲೆಕ್ಕ ಇಷ್ಟು. ನಿಮ್ಮ ಅಂಕ ಕಾಲೇಜಿನ ಪಟ್ಟಿಯ ಕೆಳಗಿನ ಗೆರೆಯಲ್ಲಿದ್ದರೆ ಅಥವಾ ಮೇಲಿದ್ದರೆ ಯೋಚಿಸದೆ ಕಳಿಸಿ. ಗೆರೆಗಿಂತ ಸ್ವಲ್ಪ ಕೆಳಗಿದ್ದು, ನೀವು ಬಂದ ಶಾಲೆ ಸಾಮಾನ್ಯ ಶಾಲೆಯಾಗಿದ್ದರೆ ಆಗಲೂ ಕಳಿಸಿ. ಎಷ್ಟು ಕೆಳಗೆ? ಇದಕ್ಕೆ ಯಾರೂ ಬರೆದುಕೊಟ್ಟ ನಿಯಮವಿಲ್ಲ. ಐವತ್ತು ಅರವತ್ತು ಅಂಕದವರೆಗೆ ನಾನು ಧೈರ್ಯ ಮಾಡುತ್ತೇನೆ. ಮಾಧ್ಯಮ ಕನ್ನಡವಾಗಿದ್ದರೆ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತುತ್ತಿರುವವರು ನೀವೇ ಆಗಿದ್ದರೆ, ಇನ್ನೂ ಸ್ವಲ್ಪ ಹೆಚ್ಚು. ಆದರೆ ಆ ಮಾತು ಅರ್ಜಿಯಲ್ಲಿ ಎಲ್ಲಾದರೂ ಕಾಣಬೇಕು. ನಿಮ್ಮ ಶಾಲೆ ಎಂಥದ್ದು ಎಂದು ಅವರಿಗೆ ಕನಸು ಬೀಳುವುದಿಲ್ಲ. ಶಾಲೆಯ ಪರಿಚಯ ಬರೆಯಲು ಪ್ರಿನ್ಸಿಪಾಲರಿಗೆ ಒಂದು ಹಾಳೆ ಇರುತ್ತದೆ. ಹಿಂದಿನ ವರ್ಷಗಳಲ್ಲಿ ಎಷ್ಟು ಮಂದಿ ಎಸ್‌ಎಟಿ ಬರೆದರು, ಯಾವ ಮಾಧ್ಯಮ, ಎಷ್ಟು ಮಕ್ಕಳಿಗೆ ಒಬ್ಬ ಮೇಷ್ಟ್ರು ಎಂದು ಅದರಲ್ಲಿ ಬರೆಸಿ. ನೀವೇ ಕರಡು ಮಾಡಿಕೊಂಡು ಹೋಗಿ, "ಸಾರ್, ಸರಿ ಇದೆಯಾ ನೋಡಿ, ತಿದ್ದಿ ಕೊಡಿ" ಎನ್ನಿ. ನಾಲ್ಕು ಸಾಲು ಸಾಕು.

ಯಾವಾಗ ಕಳಿಸಬಾರದು? ಅಂಕ ಪಟ್ಟಿಗಿಂತ ನೂರೈವತ್ತು ಇನ್ನೂರು ಕೆಳಗಿದ್ದು, ಉಳಿದ ಕಡತವೆಲ್ಲ ಗಟ್ಟಿಯಾಗಿದ್ದರೆ ಬೇಡ. ದುಬಾರಿ ಶಾಲೆಯ ವಿದ್ಯಾರ್ಥಿಯಾಗಿದ್ದು ಅಂಕ ಗೆರೆಗಿಂತ ಕೆಳಗಿದ್ದರೂ ಬೇಡ, ಅಲ್ಲಿ ನೆಪ ಹೇಳಲು ಏನೂ ಇಲ್ಲ. ಇಂಜಿನಿಯರಿಂಗ್ ಕೇಳುತ್ತಿದ್ದೀರಿ, ಆದರೆ ಗಣಿತವೇ 600ರ ಒಳಗೆ ಇದೆ ಎಂದರೆ ಒಟ್ಟು ಅಂಕ ಎಷ್ಟೇ ಇರಲಿ ಬೇಡ. ತದ್ವಿರುದ್ಧ, ಗಣಿತ 780, ಓದು-ಬರಹ 610 ಇದೆಯೆ? ಒಟ್ಟು 1390 ಮಾತ್ರ ಎಂದು ಮುಖ ಬಾಡಿಸಬೇಡಿ. ಇಂಜಿನಿಯರಿಂಗ್ ಕೇಳುವ ಕನ್ನಡದ ಹುಡುಗನೊಬ್ಬನ ಅಂಕ ಹೀಗೆ ಇರುವುದು ಸಹಜ ಎಂದು ಓದುವವನಿಗೆ ಅರ್ಥವಾಗುತ್ತದೆ. ಇಂಥದ್ದನ್ನು ನಾನು ಕಳಿಸು ಎನ್ನುತ್ತೇನೆ.

ಎರಡು ಮೂರು ಸಲ ಬರೆದವರ ಕತೆ ಬೇರೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ.

2009ರಿಂದ ಕಾಲೇಜ್ ಬೋರ್ಡ್ ಸ್ಕೋರ್ ಚಾಯ್ಸ್ ಎಂಬ ಸೌಲಭ್ಯ ಕೊಟ್ಟಿದೆ. ಬರೆದ ಪರೀಕ್ಷೆಗಳಲ್ಲಿ ಯಾವುದನ್ನು ಕಳಿಸಬೇಕೆಂದು ನೀವೇ ಆರಿಸಬಹುದು. ಆದರೆ ಆರಿಸುವುದು ತಾರೀಖಿನ ಲೆಕ್ಕದಲ್ಲಿ. ಮಾರ್ಚ್‌ನ ಗಣಿತ ಮಾತ್ರ, ಆಗಸ್ಟಿನ ಓದು-ಬರಹ ಮಾತ್ರ ಎಂದು ಹರಿದು ಕಳಿಸಲು ಬರುವುದಿಲ್ಲ. ಒಂದು ತಾರೀಖು ಎಂದರೆ ಆ ದಿನದ ಎರಡೂ ವಿಭಾಗ ಹೋಗುತ್ತವೆ.

ಇದರ ಜೊತೆಗೆ ಹಲವು ಕಾಲೇಜುಗಳು ಸೂಪರ್‌ಸ್ಕೋರ್ ಮಾಡುತ್ತವೆ. ಹಾಗೆಂದರೇನು ಎಂದು ನಿಮಗೆ ವಿವರಿಸುವುದು ಸುಲಭ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ಪರೀಕ್ಷೆ-1, 2, 3 ಎಂದು ಬಂತಲ್ಲ, ಮೂರರಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಆ ಅಂಕ ಉಳಿಸಿಕೊಳ್ಳಬಹುದು ಎಂದರಲ್ಲ, ಅದೇ ಧಾಟಿ. ಕಾಲೇಜಿನವರು ನೀವು ಕಳಿಸಿದ ಎಲ್ಲ ತಾರೀಖುಗಳನ್ನು ನೋಡಿ ಪ್ರತಿ ವಿಭಾಗದ ಅತಿ ಹೆಚ್ಚಿನ ಅಂಕ ಹೆಕ್ಕಿಕೊಳ್ಳುತ್ತಾರೆ.

ಒಂದು ಲೆಕ್ಕ ಹಾಕೋಣ. ಮಾರ್ಚ್‌ನಲ್ಲಿ ನಿಮಗೆ ಓದು-ಬರಹ 610, ಗಣಿತ 760, ಒಟ್ಟು 1370. ಆಗಸ್ಟಿನಲ್ಲಿ 660, 730, ಒಟ್ಟು 1390. ಅಕ್ಟೋಬರಿನಲ್ಲಿ ಜ್ವರದಲ್ಲಿ ಬರೆದಿರಿ, 580, 740, ಒಟ್ಟು 1320. ಸಾಮಾನ್ಯವಾಗಿ ಏನು ಮಾಡುತ್ತಾರೆ? 1390 ದೊಡ್ಡದು ಎಂದು ಆಗಸ್ಟಿನದ್ದನ್ನು ಮಾತ್ರ ಕಳಿಸುತ್ತಾರೆ. ತಪ್ಪು. ಸೂಪರ್‌ಸ್ಕೋರ್ ಮಾಡುವ ಕಾಲೇಜಿಗೆ ಮಾರ್ಚ್, ಆಗಸ್ಟ್ ಎರಡನ್ನೂ ಕಳಿಸಿದರೆ ಅವರು 660 ಮತ್ತು 760 ತೆಗೆದುಕೊಂಡು 1420 ಎಂದು ಓದುತ್ತಾರೆ. ಒಂದು ತಾರೀಖು ಬಚ್ಚಿಟ್ಟ ಜಾಣತನಕ್ಕೆ ನೀವು ತೆತ್ತದ್ದು ಮೂವತ್ತು ಅಂಕ! ಅಕ್ಟೋಬರಿನದರಿಂದ ಯಾವ ವಿಭಾಗಕ್ಕೂ ಉಪಯೋಗವಿಲ್ಲ, ಅದು ಮನೆಯಲ್ಲೇ ಇರಲಿ. ಸೂಪರ್‌ಸ್ಕೋರ್ ಮಾಡದ ಕಾಲೇಜಿಗೆ ಆಗಸ್ಟಿನದು ಒಂದೇ ಸಾಕು.

ಆದರೆ "ಬರೆದದ್ದೆಲ್ಲವನ್ನೂ ಕಳಿಸಿ" ಎನ್ನುವ ಕಾಲೇಜುಗಳೂ ಇವೆ. ಜಾರ್ಜ್‌ಟೌನ್ ಬಹುಕಾಲದಿಂದ ಹಾಗೆ ಕೇಳುತ್ತ ಬಂದಿದೆ. ಅಂಥ ಕಡೆ ಜ್ವರದ ಅಕ್ಟೋಬರನ್ನೂ ಕಳಿಸಲೇಬೇಕು. ಅಡಗಿಸಿದರೆ ಸುಳ್ಳು ಹೇಳಿದಂತೆ. "ಯಾರಿಗೆ ಗೊತ್ತಾಗುತ್ತದೆ" ಎನ್ನುವವರ ಮಾತು ಕೇಳಬೇಡಿ. ಕೊಟ್ಟ ಸೀಟನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಅವರ ಕೈಯಲ್ಲಿದೆ. ಹಾಗೆ ನೋಡಿದರೆ ಒಂದು ಕೆಟ್ಟ ದಿನದ ಅಂಕದಿಂದ ಆಕಾಶವೇನೂ ಬೀಳುವುದಿಲ್ಲ, ಮೂರು ಸಾಲಿನಲ್ಲಿ ಮೇಲಿನದನ್ನೇ ಅವರು ನೋಡುವುದು.

ಹಾಗೆಂದು ಐದು ಸಲ, ಆರು ಸಲ ಬರೆಯುತ್ತ ಕೂರಬೇಡಿ. ನಮ್ಮಲ್ಲಿಂದ ಒಂದು ಸಲ ಬರೆಯುವ ಶುಲ್ಕವೇ 100 ಡಾಲರ್ ದಾಟುತ್ತದೆ, ಒಂಬತ್ತು ಸಾವಿರ ರೂಪಾಯಿಗೂ ಮೇಲೆ. ಅಮೆರಿಕದ ಬಡ ಮಕ್ಕಳಿಗೆ ಇರುವ ಶುಲ್ಕ ಮಾಫಿ ನಮ್ಮ ಬಡ ಮಕ್ಕಳಿಗೆ ಇಲ್ಲ. ಮೂರನೆಯ ಸಲ ಬರೆಯುವ ದುಡ್ಡು, ಸಮಯ ಎರಡನ್ನೂ ಪ್ರಬಂಧಕ್ಕೆ ಹಾಕಿ.

ಇನ್ನು ನಮ್ಮ ಹೊಟ್ಟೆಯುರಿಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷು.

ಮೊದಲ ಎಸ್‌ಎಟಿ ನಡೆದದ್ದು 1926ರಲ್ಲಿ, ಬರೆದವರು ಸುಮಾರು 8,000 ಮಂದಿ. ಅದನ್ನು ರೂಪಿಸಿದವನು ಕಾರ್ಲ್ ಬ್ರಿಗಮ್ ಎಂಬ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ. ಈ ಮಹಾಶಯ 1923ರಲ್ಲಿ ಒಂದು ಪುಸ್ತಕ ಬರೆದು, ಸೈನ್ಯದ ಪರೀಕ್ಷೆಗಳ ಅಂಕ ಹಿಡಿದುಕೊಂಡು, ಯುರೋಪಿನ ದಕ್ಷಿಣ ಪೂರ್ವದಿಂದ ಬಂದ ವಲಸೆಗಾರರಿಗೆ ಬುದ್ಧಿ ಕಡಿಮೆ ಎಂದು ಸಾರಿದ್ದ. 1930ರಲ್ಲಿ ಅವನೇ ಆ ಮಾತನ್ನು ವಾಪಸು ತೆಗೆದುಕೊಂಡ. ಮನೆಯಲ್ಲಿ ಬೇರೆ ನುಡಿ ಆಡುವವರನ್ನು ಇಂಗ್ಲಿಷಿನ ಪರೀಕ್ಷೆಯಿಂದ ಅಳೆದು ಬುದ್ಧಿಯ ತೀರ್ಪು ಕೊಡಲಾಗದು ಎಂಬುದು ಅವನು ಕೊಟ್ಟ ಕಾರಣ. ಪರೀಕ್ಷೆ ಹುಟ್ಟಿಸಿದವನಿಗೇ ನಾಲ್ಕು ವರ್ಷದಲ್ಲಿ ಹೊಳೆದದ್ದು ನಮ್ಮ ಊರಿನ ಕಾನ್ವೆಂಟು ಭಕ್ತರಿಗೆ ಇನ್ನೂ ಹೊಳೆದಿಲ್ಲ. ನಿಮ್ಮ ಓದು-ಬರಹದ 610 ನಿಮ್ಮ ಬುದ್ಧಿಯ ಅಳತೆಯಲ್ಲ. ಎರಡನೆಯ ನುಡಿಯಲ್ಲಿ, ಅದೂ ಗಡಿಯಾರದ ಎದುರು, ನೀವು ಎಷ್ಟು ಬೇಗ ಓದಬಲ್ಲಿರಿ ಎಂಬುದರ ಅಳತೆ.

ಈಗಿನ ಸಮಸ್ಯೆ ಟೋಫೆಲ್, ಐಇಎಲ್‌ಟಿಎಸ್, ಡುಯೊಲಿಂಗೊ. ಇವು ಇಂಗ್ಲಿಷು ಬರುತ್ತದೆಯೆ ಎಂದು ನೋಡುವ ಪರೀಕ್ಷೆಗಳು. ಕೆಲವು ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಬಹಳ ಕಾಲೇಜುಗಳು ವಿನಾಯಿತಿ ಕೊಡುತ್ತವೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮವಾಗಿದ್ದರೆ ಕಾಲೇಜನ್ನೇ ಬರೆದು ಕೇಳಿ, ಊಹಿಸಬೇಡಿ. ವಿನಾಯಿತಿ ಇದ್ದರೂ, ಎಸ್‌ಎಟಿಯಲ್ಲಿ ಓದು-ಬರಹ ಕಡಿಮೆ ಬಂದು ಟೋಫೆಲ್ ಚೆನ್ನಾಗಿ ಬಂದಿದ್ದರೆ ಅದನ್ನು ಕಳಿಸಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಟೋಫೆಲ್, ಐಇಎಲ್‌ಟಿಎಸ್ ಅಂಕಗಳಿಗೆ ಎರಡೇ ವರ್ಷ ಆಯಸ್ಸು. ಟೋಫೆಲ್ ಅಂಕದ ಅಳತೆ 2026ರ ಜನವರಿಯಿಂದ 1ರಿಂದ 6ಕ್ಕೆ ಬದಲಾಗಿದೆ, ಹಳೆಯ 120ರ ಪುಸ್ತಕ ಇಟ್ಟುಕೊಂಡು ಗಾಬರಿಯಾಗಬೇಡಿ.

ಒಂದು ಉಪಮಾತು. ಕಾಮನ್ ಆಪ್ ಎಂಬ ಸಾಮಾನ್ಯ ಅರ್ಜಿಯಲ್ಲಿ ನಿಮಗೆ ಬರುವ ನುಡಿಗಳನ್ನು ಕೇಳುತ್ತಾರೆ. ಮೊದಲ ನುಡಿ ಯಾವುದು, ಯಾವುದನ್ನು ಆಡುತ್ತೀರಿ, ಓದುತ್ತೀರಿ, ಬರೆಯುತ್ತೀರಿ, ಮನೆಯಲ್ಲಿ ಯಾವುದು ಎಂದು. "ಕನ್ನಡ ಎಂದು ಹಾಕಿದರೆ ಇಂಗ್ಲಿಷು ಬರಲ್ಲ ಅಂದುಕೊಳ್ಳುತ್ತಾರೆ, ಇಂಗ್ಲಿಷೇ ಮೊದಲ ನುಡಿ ಎಂದು ಹಾಕು" ಎಂದು ಉಪದೇಶ ಮಾಡುವ ಪುಣ್ಯಾತ್ಮರಿದ್ದಾರೆ. ಅವ್ವನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡಿದ್ದೀರಾ? ಇಲ್ಲ ತಾನೆ? ಹಾಗಾದರೆ ಕನ್ನಡ ಎಂದೇ ಹಾಕಿ. ಅಭಿಮಾನಕ್ಕಾಗಿ ಮಾತ್ರ ಹೇಳುತ್ತಿಲ್ಲ. ಓದು-ಬರಹದ 610 ಎಂಬ ಸಂಖ್ಯೆಗೆ ಅರ್ಥ ಬರುವುದೇ ಆ ಒಂದು ಗೆರೆಯಿಂದ. ಇಂಗ್ಲಿಷೇ ಮೊದಲ ನುಡಿ ಎಂದು ಬರೆದುಕೊಂಡವನ 610ಕ್ಕೂ, ಕನ್ನಡ ಮೊದಲ ನುಡಿ ಎಂದವನ 610ಕ್ಕೂ ಓದುವವನು ಒಂದೇ ಬೆಲೆ ಕಟ್ಟುತ್ತಾನೆಯೆ?

ದುಡ್ಡಿನ ಮಾತೂ ಆಡಿಬಿಡೋಣ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡನ್, ಇವು ಸೀಟು ಕೊಡುವಾಗ ಹೊರದೇಶದ ಮಕ್ಕಳಿಗೂ ಹಣವಿದೆಯೆ ಎಂದು ನೋಡುವುದಿಲ್ಲ. ಸೀಟು ಸಿಕ್ಕರೆ ಮನೆಯ ಶಕ್ತಿ ಮೀರಿದ ಖರ್ಚನ್ನು ತಾವೇ ಭರಿಸುತ್ತವೆ. ಸೀಟು ಸಿಗುವುದು ಮಾತ್ರ ಬಹಳ ಬಹಳ ಕಷ್ಟ, ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸಲಾರೆ. ಉಳಿದ ಕಡೆ ನೀವು ಕೇಳುವ ಸಹಾಯಧನವೂ ತೀರ್ಮಾನದಲ್ಲಿ ಸೇರುತ್ತದೆ. ಕೆಲವು ಕಾಲೇಜುಗಳು ಅಂಕ ನೋಡಿ ವಿದ್ಯಾರ್ಥಿವೇತನ ಕೊಡುತ್ತವೆ. ಸೀಟಿಗೆ ಅಂಕ ಬೇಡ ಎಂದ ಕಾಲೇಜೇ ವಿದ್ಯಾರ್ಥಿವೇತನಕ್ಕೆ ಅಂಕ ಕೇಳಬಹುದು. ಇದನ್ನು ನೋಡದೆ ಮುಚ್ಚಿಟ್ಟರೆ ಮನೆಯ ಜಮೀನು ಅಡವಿಗೆ ಹೋಗುತ್ತದೆ.

ಇನ್ನು ಕಳಿಸುವ ಕ್ರಮ. ಪರೀಕ್ಷೆ ಬರೆದ ಒಂಬತ್ತು ದಿನದೊಳಗೆ ನಾಲ್ಕು ಕಾಲೇಜಿಗೆ ಅಂಕವನ್ನು ಉಚಿತವಾಗಿ ಕಳಿಸುತ್ತೇವೆ ಎಂದು ಕಾಲೇಜ್ ಬೋರ್ಡ್ ಆಸೆ ತೋರಿಸುತ್ತದೆ. ಆದರೆ ಅಂಕ ಬರುವುದು ಸುಮಾರು ಎರಡು ವಾರದ ನಂತರ. ಎಷ್ಟು ಬಂತೆಂದು ಗೊತ್ತಿಲ್ಲದೆ ಕಳಿಸುವುದು ಜೂಜು. ಎಲ್ಲ ಅಂಕ ಕೇಳುವ ಕಾಲೇಜಿಗೋ, ಅಂಕ ಕಡ್ಡಾಯವಾದ ಕಾಲೇಜಿಗೋ ಆ ಉಚಿತವನ್ನು ಬಳಸಿ. "ನಿಮ್ಮಿಷ್ಟ" ಎನ್ನುವ ಕಾಲೇಜಿಗೆ ಬೇಡ. ಬಹಳ ಕಾಲೇಜುಗಳು ಈಗ ಅರ್ಜಿಯಲ್ಲಿ ಅಂಕವನ್ನು ನೀವೇ ತುಂಬಿದರೆ ಸಾಕು ಎನ್ನುತ್ತವೆ. ಅಧಿಕೃತ ಪ್ರತಿ ಸೀಟು ಸಿಕ್ಕು ಸೇರುವಾಗ ಮಾತ್ರ. ಹಾಗಿದ್ದ ಕಡೆ ಒಂದೊಂದು ಪ್ರತಿಗೂ ಡಾಲರ್ ಸುರಿಯಬೇಡಿ.

ಕಾಮನ್ ಆಪ್‌ನಲ್ಲಿ ಅಂಕ ತುಂಬುವ ಜಾಗ ಎಲ್ಲ ಕಾಲೇಜುಗಳಿಗೂ ಒಂದೇ. ಒಂದು ಕಾಲೇಜಿಗೆ ಅಂಕ ಸಹಿತ, ಇನ್ನೊಂದಕ್ಕೆ ಅಂಕ ರಹಿತ ಕಳಿಸಬೇಕೆಂದರೆ, ಮೊದಲನೆಯದನ್ನು ಕಳಿಸಿ, ಅಂಕ ತೆಗೆದು, ಆಮೇಲೆ ಎರಡನೆಯದನ್ನು ಕಳಿಸಬೇಕು. ಹಲವು ಕಾಲೇಜುಗಳು ತಮ್ಮದೇ ಪ್ರಶ್ನೆಗಳಲ್ಲಿ "ನಿಮ್ಮ ಅಂಕ ಪರಿಗಣಿಸಬೇಕೆ" ಎಂದು ಬೇರೆ ಕೇಳುತ್ತವೆ. ಅಲ್ಲಿ ಒಮ್ಮೆ ಬೇಡ ಎಂದು ಒತ್ತಿ ಅರ್ಜಿ ಹೋದ ಮೇಲೆ ತಿದ್ದಿಸುವುದು ಫಜೀತಿ.

ನಿಯಮ ವರ್ಷ ವರ್ಷ ಬದಲಾಗುತ್ತದೆ. ಅಣ್ಣ ಹೋದ ವರ್ಷ ಹೀಗೆ ಮಾಡಿದ್ದ ಎಂಬುದು ಈ ವರ್ಷಕ್ಕೆ ಸಾಕ್ಷಿಯಲ್ಲ. ಒಂದು ನೋಟ್ ಬುಕ್ ತೆಗೆದುಕೊಂಡು ಪ್ರತಿ ಕಾಲೇಜಿಗೆ ಒಂದು ಪುಟ ಮಾಡಿ: ಕಡ್ಡಾಯವೆ, ಸೂಪರ್‌ಸ್ಕೋರ್ ಉಂಟೆ, ಎಲ್ಲವನ್ನೂ ಕೇಳುತ್ತಾರೆಯೆ, ನಾವೇ ತುಂಬಿದರೆ ಸಾಕೆ, ವಿದ್ಯಾರ್ಥಿವೇತನಕ್ಕೆ ಅಂಕ ಬೇಕೆ, ಕಡೆಯ ದಿನ ಯಾವುದು. ಗೊತ್ತಾಗದಿದ್ದರೆ ಅಲ್ಲಿನ ಅಡ್ಮಿಷನ್ ಆಫೀಸಿಗೆ ಎರಡು ಸಾಲಿನ ಇ-ಮೇಲ್ ಹಾಕಿ, ನಿಮ್ಮ ಹರುಕು ಮುರುಕು ಇಂಗ್ಲಿಷಿನಲ್ಲೇ ಹಾಕಿ. ಅದನ್ನು ಕನ್ಸಲ್ಟೆನ್ಸಿಯವರ ಕೈಲಿ ಬರೆಸಬೇಡಿ. ಅಕ್ಟೋಬರ್ ಮುಗಿಯುವುದರೊಳಗೆ ಆ ಪುಟಗಳು ತುಂಬಿರಲಿ.